ನಿಲ್ಲಿಸುವವರ ಧರ್ಮ

ಅಮೆರಿಕದ ಮಿನ್ನೆಸೋಟಾದಲ್ಲಿ ಬೇಸಿಗೆಯ ಒಂದು ಶನಿವಾರ, ರಾತ್ರಿ ಹನ್ನೊಂದು ಗಂಟೆ. ಬೆಂಗಳೂರಿನಲ್ಲಿ ಆಗಲೇ ಭಾನುವಾರ ಬೆಳಗಿನ ಒಂಬತ್ತೂವರೆ. ದರ್ಶಿನಿಗಳ ಮುಂದೆ ಇಡ್ಲಿ ವಡೆಗೆ ಜನ ನಿಂತಿದ್ದಾರೆ. ಮಿನ್ನೆಸೋಟಾದಲ್ಲೊಂದು ಸಗಟು ವ್ಯಾಪಾರದ ಕಂಪನಿ, ಅದರ ಕಂಪ್ಯೂಟರನ್ನು ಬೆಂಗಳೂರಿನಿಂದಲೇ ನೋಡಿಕೊಳ್ಳುವ ಒಬ್ಬ ಆಪರೇಟರ್ ಎಂದು ಕಲ್ಪಿಸಿಕೊಳ್ಳೋಣ. ವಾರಕ್ಕೊಮ್ಮೆ ಮಾಡುವ ಪೂರ್ತಿ ಬ್ಯಾಕಪ್ಪಿನ ಹೊತ್ತಾಗಿದೆ. ಯಾರು ಯಾರು ಒಳಗಿದ್ದಾರೆಂದು ಆಕೆ ಪಟ್ಟಿ ತೆಗೆದರೆ ಹನ್ನೊಂದು ಹೆಸರು. ‘ಹದಿನೈದು ನಿಮಿಷದಲ್ಲಿ ಸಿಸ್ಟಮ್ ನಿಲ್ಲುತ್ತದೆ, ದಯವಿಟ್ಟು ಸೈನ್ ಆಫ್ ಆಗಿ’ ಎಂದು ಎಲ್ಲರ ಪರದೆಗೂ ಸಂದೇಶ ಹೋಯಿತು. ಹತ್ತು ಮಂದಿ ಹೊರಟರು. ಒಂದು ಹೆಸರು ಕದಲಲಿಲ್ಲ.

ಆ ಹೆಸರಿನ ಎದುರು 4 ಎಂದು ಒತ್ತಿ ಎಂಟರ್ ಕೊಟ್ಟರೆ ಆ ಸೆಷನ್ ಮುಗಿಯಿತು. ಕೆಲಸ ಇಷ್ಟೇ. ಆದರೂ ಸ್ವಲ್ಪ ಅನುಭವವಿರುವ ಯಾವ ಆಪರೇಟರಾದರೂ ಅಲ್ಲಿ ಒಂದು ಗಳಿಗೆ ಕೈ ತಡೆಯುತ್ತಾರೆ. ಆ ಕಡೆ ಕೂತವರು ಯಾರು? ಅರ್ಧ ಆರ್ಡರ್ ತುಂಬಿಸಿ ಕಾಫಿಗೆ ಎದ್ದುಹೋದವರೋ, ಶುಕ್ರವಾರವೇ ಪರದೆಯನ್ನು ಹಾಗೇ ಬಿಟ್ಟು ಮನೆ ಸೇರಿದವರೋ, ಇಲ್ಲಾ ಸೋಮವಾರದೊಳಗೆ ಲೆಕ್ಕ ಒಪ್ಪಿಸಬೇಕಾಗಿ ನಿದ್ದೆಗೆಟ್ಟು ಕೂತಿರುವ ಗುಮಾಸ್ತರೋ? ಪರದೆಯಲ್ಲಿ ಇದ್ಯಾವುದೂ ಕಾಣುವುದಿಲ್ಲ. ಕಾಣುವುದು ಒಂದು ಹೆಸರು, ಒಂದು ಸಂಖ್ಯೆ, ಒಂದು ಸ್ಥಿತಿ.

ಆಗಿರುವುದನ್ನೆಲ್ಲ ಉಳಿಸಿಕೊಳ್ಳುವುದಕ್ಕಾಗಿ ಆಗುತ್ತಿರುವುದನ್ನು ನಿಲ್ಲಿಸಬಹುದೇ? ನಿಲ್ಲಿಸುವುದಾದರೆ, ನಡುಗೆಲಸದಲ್ಲಿ ಸಿಕ್ಕಿಬಿದ್ದವರಿಗೆ ನಿಲ್ಲಿಸುವವರು ತೀರಿಸಬೇಕಾದ ಬಾಕಿ ಏನು? ಕಂಪ್ಯೂಟರ್ ಕೋಣೆಯಲ್ಲಿ ಹುಟ್ಟಿದ ಪ್ರಶ್ನೆಯಂತೆ ಕಾಣುವ ಇದು ಬಹಳ ಹಳೆಯದು. ಪ್ರಲಯದ ಬಗ್ಗೆ ಯೋಚಿಸಿದವರಿಗೆ, ವಾರಕ್ಕೊಂದು ದಿನ ಕೈಕಟ್ಟಿ ಕೂರಬೇಕೆಂದು ವಿಧಿಸಿದವರಿಗೆ, ಗಂಟೆ ಬಾರಿಸಿ ಪ್ರಾರ್ಥನೆಗೆ ಕರೆದವರಿಗೆ ಎಲ್ಲರಿಗೂ ಅದು ಎದುರಾಗಿತ್ತು. ಪುರಾಣ ಕಾಲದಲ್ಲೇ ಕಂಪ್ಯೂಟರ್ ಇತ್ತು ಎಂದು ಸಾಧಿಸುವ ಉತ್ಸಾಹಿಗಳ ಪಂಕ್ತಿಗೆ ಈ ಲೇಖನವನ್ನು ಸೇರಿಸಬೇಡಿ. ಅವರು ಕಂಪ್ಯೂಟರನ್ನೂ ಓದಿಲ್ಲ, ಪುರಾಣವನ್ನೂ ಓದಿಲ್ಲ.

ಮೊದಲು ಆ ಆಪರೇಟರ್ ನೋಡಿಕೊಳ್ಳುವ ಯಂತ್ರದ ಕುಲಗೋತ್ರ. ಮಿನ್ನೆಸೋಟಾದ ರಾಚೆಸ್ಟರ್ ಊರಿನ ಐಬಿಎಂ ಘಟಕದಲ್ಲಿ, ಅಲ್ಲಿಯ ಒಂದು ಕೆರೆಯ ಹೆಸರನ್ನೇ ಗುಪ್ತನಾಮ ಮಾಡಿಕೊಂಡು ‘ಸಿಲ್ವರ್‌ಲೇಕ್’ ಎಂಬ ಯೋಜನೆ ನಡೆಯಿತು. ಅದರ ಫಲವಾಗಿ 1988ರ ಜೂನ್ 21ರಂದು ಎಎಸ್/400 ಪ್ರಕಟವಾಯಿತು. ಕೋಣೆ ತುಂಬುವ ಮೇನ್‌ಫ್ರೇಮೂ ಅಲ್ಲ, ಮೇಜಿನ ಮೇಲಿನ ಪಿ.ಸಿ.ಯೂ ಅಲ್ಲ, ಮಧ್ಯಮ ಗಾತ್ರದ ವ್ಯಾಪಾರಿಗಳಿಗೆ, ಕಾರ್ಖಾನೆಗಳಿಗೆ, ಬ್ಯಾಂಕುಗಳಿಗೆ ಒಗ್ಗುವ ಯಂತ್ರ. ಅದರ ಹಿಂದಿನ ಮುಖ್ಯ ತಲೆ ಫ್ರಾಂಕ್ ಸೋಲ್ಟಿಸ್. 1978ರಲ್ಲಿ ಪ್ರಕಟವಾದ ಸಿಸ್ಟಮ್/38ರಲ್ಲೇ ಅವರ ದೊಡ್ಡ ಯೋಚನೆಗಳೆಲ್ಲ ಬಂದಿದ್ದವು. ಮುಂದೆ ಐಸೀರೀಸ್, ಸಿಸ್ಟಮ್ ಐ ಎಂದೆಲ್ಲ ನಾಮಕರಣಗಳಾಗಿ, 2008ರಿಂದ ಅದರ ಕಾರ್ಯವ್ಯವಸ್ಥೆಯ ಹೆಸರು ಐಬಿಎಂ ಐ. ಹಳಬರ ಬಾಯಲ್ಲಿ ಅದು ಇವತ್ತಿಗೂ ‘ಎಎಸ್ ಫೋರ್ ಹಂಡ್ರೆಡ್’. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಿರುವುದರಿಂದ ‘ಗ್ರೀನ್ ಸ್ಕ್ರೀನ್’.

ಈ ಯಂತ್ರದಲ್ಲಿ ಕೆಲಸಗಳೆಲ್ಲ ಸಬ್‌ಸಿಸ್ಟಮ್ ಎಂಬ ಕೇರಿಗಳಲ್ಲಿ ವಾಸಿಸುತ್ತವೆ. ಪರದೆಯ ಮುಂದೆ ಕೂತವರದು ಒಂದು ಕೇರಿ, ರಾತ್ರಿ ತಾನೇ ಓಡುವ ಬ್ಯಾಚ್ ಕೆಲಸಗಳದು ಇನ್ನೊಂದು, ಮುದ್ರಣದ್ದು ಮತ್ತೊಂದು. ಇಡೀ ವ್ಯವಸ್ಥೆಯನ್ನು ಟೇಪಿಗೆ ಇಳಿಸಬೇಕಾದರೆ ಕೇರಿಗಳನ್ನೆಲ್ಲ ಖಾಲಿ ಮಾಡಿಸಬೇಕು. ಆಗ ಉಳಿಯುವುದು ಕನ್ಸೋಲ್ ಒಂದೇ. ಈ ಸ್ಥಿತಿಗೆ ‘ರಿಸ್ಟ್ರಿಕ್ಟೆಡ್ ಸ್ಟೇಟ್’ ಎನ್ನುತ್ತಾರೆ. ಬೇರೆ ಯಾರೂ ಒಳಗಿಲ್ಲ, ಯಾವ ಲೆಕ್ಕವೂ ಅಲ್ಲಾಡುತ್ತಿಲ್ಲ. ಒಂದು ಪರದೆ ಎಚ್ಚರವಾಗಿದೆ, ಟೇಪ್ ಸುತ್ತುತ್ತಿದೆ.

ಯಾಕಿಷ್ಟು ಕಟ್ಟುನಿಟ್ಟು? ಅರ್ಧ ಬದಲಾದ ಲೆಕ್ಕಕ್ಕಿಂತ ಅಪಾಯದ್ದು ಯಾವುದೂ ಇಲ್ಲ. ಗೋದಾಮಿನ ಪುಸ್ತಕದಲ್ಲಿ ನೂರು ಚೀಲ ಕಳೆದಾಗಿದೆ, ಗಿರಾಕಿಯ ಖಾತೆಗೆ ಇನ್ನೂ ಬರೆದಿಲ್ಲ ಎಂಬ ಗಳಿಗೆಯನ್ನು ಟೇಪಿಗೆ ಇಳಿಸಿದರೆ, ನಾಳೆ ಯಂತ್ರ ಸುಟ್ಟು ಟೇಪಿನಿಂದ ಎಲ್ಲವನ್ನೂ ಎಬ್ಬಿಸಿದಾಗ ಆ ನೂರು ಚೀಲ ಜಗತ್ತಿನಿಂದಲೇ ಮಾಯ. ಅದಕ್ಕೇ ಬ್ಯಾಕಪ್ ಆಜ್ಞೆ ಪ್ರತಿ ಕಡತದ ಮೇಲೂ ಒಂದು ಲಾಕ್ ಕೇಳುತ್ತದೆ: ಬೇರೆಯವರು ಓದಿಕೊಳ್ಳಲಿ, ಬರೆಯುವುದು ಬೇಡ. ಆಗಲೇ ಯಾರೋ ಬರೆಯಲು ಹಿಡಿದುಕೊಂಡಿದ್ದರೆ ಆ ಕಡತವನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಕೊನೆಗೆ ಒಂದು ಸಾಲಿನ ವರದಿ: ಇಷ್ಟು ಉಳಿಸಲಾಯಿತು, ಇಷ್ಟು ಉಳಿಸಲಾಗಲಿಲ್ಲ. ಆ ಸಾಲನ್ನು ಬೆಳಗ್ಗೆ ಓದುವವರು ಕಡಿಮೆ. ಉಳಿಯದೇ ಹೋದದ್ದು ಬಹುಮಟ್ಟಿಗೆ ಕಂಪನಿಗೆ ಎಲ್ಲಕ್ಕಿಂತ ಬೇಕಾದ ಕಡತವೇ ಆಗಿರುತ್ತದೆ. ದಿನವಿಡೀ ಬಳಕೆಯಲ್ಲಿರುವುದು ಅದೇ ತಾನೆ.

ಮನೆಗೆ ಹೋದ ಗುಮಾಸ್ತರ ಒಂದು ಪರದೆ ಇಡೀ ಕಂಪನಿಯ ನೆನಪಿಗೆ ಅಡ್ಡ ನಿಲ್ಲುವುದು ಹೀಗೆ. ಸುಮ್ಮನೆ ಬಿಟ್ಟುಹೋದ ಸೆಷನ್ನನ್ನು ಇಷ್ಟು ನಿಮಿಷದ ಮೇಲೆ ತಾನಾಗಿಯೇ ಕಡಿದುಹಾಕುವ ಸೌಲಭ್ಯ ಯಂತ್ರದಲ್ಲಿದೆ, ಆದರೆ ಕಾರ್ಖಾನೆಯಿಂದ ಬರುವಾಗ ಅದರ ಬೆಲೆ ‘ನನ್’. ಯಾರೋ ಬೇಕೆಂದು ಬದಲಿಸದಿದ್ದರೆ ಸುಮ್ಮನಿದ್ದವರನ್ನು ಯಂತ್ರ ಹೊರಹಾಕುವುದಿಲ್ಲ. ಸಂಪರ್ಕ ಕಡಿದುಕೊಂಡು ಹೋದ ಕೆಲಸವನ್ನೂ ಅದು ಕೂಡಲೇ ಕೊಲ್ಲುವುದಿಲ್ಲ. 240 ನಿಮಿಷ ಕಾಯುತ್ತದೆ. ನಾಲ್ಕು ಗಂಟೆ. ಊಟ ಮುಗಿಸಿ ಒಂದು ನಿದ್ದೆ ತೆಗೆದು ಬಂದರೂ ಬಿಟ್ಟ ಸಾಲಿನಲ್ಲೇ ಕರ್ಸರ್ ಮಿನುಗುತ್ತಿರುತ್ತದೆ. ರಾಚೆಸ್ಟರಿನ ಎಂಜಿನಿಯರುಗಳು ಇದನ್ನು ಗೊತ್ತುಮಾಡುವಾಗ ಧರ್ಮಸೂಕ್ಷ್ಮವನ್ನೇನೂ ಚರ್ಚಿಸಿರಲಿಕ್ಕಿಲ್ಲ. ಆದರೂ ಈ ಅಂಕಿಗಳಲ್ಲಿ ಒಂದು ನೀತಿ ಅಡಗಿದೆ: ಮನುಷ್ಯ ವಾಪಸು ಬರುತ್ತಾನೆ ಎಂದು ನಂಬಿ ಶುರುಮಾಡು.

ಬಾರದಿದ್ದರೆ? ನಿಲ್ಲಿಸುವುದಕ್ಕೆ ಯಂತ್ರದಲ್ಲಿ ಎರಡು ಬಗೆ. ಒಂದು ‘ಇಮ್ಮೀಡಿಯೆಟ್’: ಈಗಿಂದೀಗಲೇ. ಇನ್ನೊಂದು ‘ಕಂಟ್ರೋಲ್ಡ್’: ಇಂತಿಷ್ಟು ಸೆಕೆಂಡು ಅವಕಾಶ, ಅಷ್ಟರಲ್ಲಿ ಮುಗಿಸಿಕೊಂಡು ಹೊರಡು. ಎರಡನೆಯದೇ ರೂಢಿಯ ಬೆಲೆ. ಇಡೀ ಕೇರಿಯನ್ನು ಮುಚ್ಚಿಸುವಾಗ ಅವಧಿಯನ್ನು ನಾವೇ ಹೇಳದಿದ್ದರೆ ಕಾಯುವಿಕೆಗೆ ಮಿತಿಯೂ ಇಲ್ಲ.

ಮೊದಲ ಬಗೆಗೆ ಧರ್ಮದ ಇತಿಹಾಸದಲ್ಲಿ ಒಂದು ಮರೆಯಲಾಗದ ಚಿತ್ರವಿದೆ. ಐದನೆಯ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಎಂಬ ಕ್ರೈಸ್ತ ಸಂನ್ಯಾಸಿ ಈಜಿಪ್ಟಿನ ಮರಳುಗಾಡಿನ ಮಠಗಳ ನಡಾವಳಿಯನ್ನು ಬರೆದಿಟ್ಟ. ಪ್ರಾರ್ಥನೆಗೆ ಕರೆಯುವವರು ಬಾಗಿಲು ತಟ್ಟಿದೊಡನೆ ಒಳಗಿನ ಸಂನ್ಯಾಸಿ ಎದ್ದುಬಿಡಬೇಕು. ಗ್ರಂಥ ನಕಲು ಮಾಡುತ್ತಿದ್ದವನು ಶುರುಮಾಡಿದ ಅಕ್ಷರವನ್ನೂ ಪೂರ್ತಿ ಮಾಡುವಂತಿಲ್ಲ. ವಾಕ್ಯ ಬಿಡಿ, ಪದ ಬಿಡಿ, ಅಕ್ಷರದ ಸುತ್ತು ಅರ್ಧಕ್ಕೆ ನಿಂತಿರುತ್ತದೆ. ಆರನೆಯ ಶತಮಾನದ ಸಂತ ಬೆನೆಡಿಕ್ಟನ ಮಠ ನಿಯಮದಲ್ಲೂ ಕೈಲಿರುವುದನ್ನು ಅಲ್ಲೇ ಬಿಟ್ಟು ಏಳು ಎಂಬ ಮಾತೇ ಇದೆ. ಅಹಂಕಾರ ಕರಗಿಸಲು ಇದು ಒಳ್ಳೆಯ ಸಾಧನೆಯಿರಬಹುದು. ‘ಇದೊಂದು ಮುಗಿಸಿಬಿಡ್ತೀನಿ’ ಎನ್ನುವ ಮಾತಿನಲ್ಲಿ ಎಷ್ಟು ‘ನಾನು’ ಇದೆಯೆಂದು ಊಟಕ್ಕೆ ಕರೆದು ಕರೆದು ಸೋತ ತಾಯಂದಿರಿಗೆ ಗೊತ್ತು. ಆದರೆ ಒಂದು ವ್ಯತ್ಯಾಸವಿದೆ. ಆ ಸಂನ್ಯಾಸಿ ವಿಧೇಯತೆಯ ವ್ರತವನ್ನು ತಾನೇ ತೊಟ್ಟವನು. ಆರ್ಡರ್ ತುಂಬುತ್ತಿರುವ ಗುಮಾಸ್ತರು ಅಂಥ ವ್ರತವನ್ನೇನೂ ತೊಟ್ಟಿಲ್ಲ.

ಎರಡನೆಯ ಬಗೆಗೆ ಯೆಹೂದಿಗಳ ಸಬ್ಬತ್ ನೋಡಬೇಕು. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಅವರಲ್ಲಿ ಕೆಲಸ ನಿಷಿದ್ಧ. ಬರೆಯುವುದು, ಅಳಿಸುವುದು, ಬೆಂಕಿ ಹೊತ್ತಿಸುವುದು ಸೇರಿದಂತೆ 39 ಬಗೆಯ ಕೆಲಸಗಳನ್ನು ಅವರ ಶಾಸ್ತ್ರ ಹೆಸರಿಸುತ್ತದೆ. ನಿಷೇಧ ಕಠಿಣವಾದರೂ ಅದು ಬರುವ ರೀತಿ ಮೆಲ್ಲನೆಯದು. ಬಹಳ ಊರುಗಳಲ್ಲಿ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ದೀಪ ಹಚ್ಚುತ್ತಾರೆ, ಜೆರುಸಲೇಮಿನಲ್ಲಿ 40 ನಿಮಿಷ ಮುಂಚೆ. ತಾಲ್ಮುದ್ ಗ್ರಂಥ ಹಳೆಯ ಕಾಲದ ಪದ್ಧತಿಯನ್ನು ಇನ್ನೂ ಬಿಡಿಸಿ ಹೇಳುತ್ತದೆ. ಶುಕ್ರವಾರ ಇಳಿಹೊತ್ತಿಗೆ ಆರು ಸಲ ಕೊಂಬು ಊದುತ್ತಿದ್ದರು. ಮೊದಲ ಸಲಕ್ಕೆ ಹೊಲದಲ್ಲಿದ್ದವರು ಕೆಲಸ ನಿಲ್ಲಿಸಬೇಕು. ಎರಡನೆಯದಕ್ಕೆ ಅಂಗಡಿಗಳ ಬಾಗಿಲು. ಮೂರನೆಯದಕ್ಕೆ ಮನೆಯ ದೀಪ. ಆಮೇಲೆ ಒಂದು ಪುಟ್ಟ ಮೀನು ಸುಡುವಷ್ಟು ಹೊತ್ತು ಬಿಟ್ಟು ಕೊನೆಯ ಊದು.

ಇದರಲ್ಲಿ ಒಂದು ಉಪನಿಯಮವಿದೆ, ರತ್ನದಂಥದ್ದು. ಹೊಲ ಹತ್ತಿರವಿದ್ದವರು ಕೆಲಸ ಬಿಟ್ಟ ಕೂಡಲೇ ಊರೊಳಗೆ ಬಂದುಬಿಡುವಂತಿಲ್ಲ. ದೂರದ ಹೊಲದವರು ಬರುವ ತನಕ ಕಾಯಬೇಕು. ಎಲ್ಲರೂ ಒಟ್ಟಿಗೆ ಊರು ಹೊಗಬೇಕು. ದೂರ ಕೂತವರನ್ನು ನಡುನೀರಿನಲ್ಲಿ ಬಿಟ್ಟು ನಿಲ್ಲಿಸಬಾರದು ಎಂಬುದನ್ನು ಇಷ್ಟು ಚಿಕ್ಕದಾಗಿ ಹೇಳಿದ ಕೈಪಿಡಿ ಯಾವ ಕಂಪ್ಯೂಟರ್ ಕಂಪನಿಯಲ್ಲೂ ಇರಲಿಕ್ಕಿಲ್ಲ.

ಎಎಸ್/400ರಲ್ಲಿ ಅಷ್ಟು ಚೆಂದದ್ದಲ್ಲದಿದ್ದರೂ ಆ ಜಾತಿಗೇ ಸೇರಿದ ಒಂದು ವ್ಯವಸ್ಥೆ ಇದೆ. ಆ ಯಂತ್ರದ ಮನೆಭಾಷೆ ಆರ್‌ಪಿಜಿ. ಅದರಲ್ಲಿ ‘ಶಟ್‌ಡೌನ್’ ಎಂಬ ಒಂದು ಪುಟ್ಟ ಪರೀಕ್ಷೆ ಇದೆ. ಸಾವಿರಾರು ಬಿಲ್ಲುಗಳನ್ನು ಒಂದರ ಹಿಂದೊಂದು ತಯಾರಿಸುವ ಪ್ರೋಗ್ರಾಮು ಪ್ರತಿ ಬಿಲ್ಲು ಮುಗಿದಾಗಲೂ ‘ನನಗೆ ಹೊರಡಲು ಹೇಳಿದ್ದಾರೆಯೇ?’ ಎಂದು ಕೇಳಿಕೊಳ್ಳಬಹುದು. ಹೌದೆಂದು ಉತ್ತರ ಬಂದರೆ, ಎಲ್ಲಿಗೆ ನಿಂತೆ ಎಂದು ಗುರುತು ಬರೆದಿಟ್ಟು ತಾನೇ ಎದ್ದು ಹೊರಡುತ್ತದೆ. ಕೇಳಿಕೊಳ್ಳಲೇಬೇಕು ಎಂಬ ಕಡ್ಡಾಯವಿಲ್ಲ. ಬರೆಯುವವರಿಗೆ ಆ ಎರಡು ಸಾಲು ಸೇರಿಸುವ ತಾಳ್ಮೆ ಇದ್ದರೆ ಮಾತ್ರ. ತನ್ನ ಕೊನೆಯನ್ನು ಆಗಾಗ ವಿಚಾರಿಸಿಕೊಳ್ಳುವ ಪ್ರೋಗ್ರಾಮುಗಳು ಕಡಿಮೆ, ಮನುಷ್ಯರಂತೆಯೇ.

ವಿಚಾರಿಸಿಕೊಳ್ಳದವರನ್ನು ಕೊನೆಗೆ ಎಳೆದು ಹೊರಹಾಕುವುದೇ. ಅಲ್ಲೂ ಒಂದು ಕರುಣೆ ಉಂಟು. ‘ಕಮಿಟ್‌ಮೆಂಟ್ ಕಂಟ್ರೋಲ್’ ಎಂಬ ಕಟ್ಟಳೆಯಲ್ಲಿ ನಡೆಯುವ ವ್ಯವಹಾರ ನಡುವೆ ಕಡಿದರೆ, ಅರ್ಧ ಬರೆದದ್ದನ್ನೆಲ್ಲ ಯಂತ್ರ ಹಿಂದಕ್ಕೆ ಅಳಿಸಿ, ಆ ವ್ಯವಹಾರ ಶುರುವೇ ಆಗಿರಲಿಲ್ಲ ಎಂಬ ಸ್ಥಿತಿಗೆ ತರುತ್ತದೆ. ನೂರು ಚೀಲ ಗೋದಾಮಿಗೇ ಮರಳುತ್ತವೆ. ಗುಮಾಸ್ತರ ಶ್ರಮ ಹೋಯಿತು, ಲೆಕ್ಕ ಕೆಡಲಿಲ್ಲ.

ಇನ್ನು ನಮ್ಮ ಕಡೆಯ ಪ್ರಲಯಕ್ಕೆ ಬರೋಣ. ಭಾಗವತದ ಹನ್ನೆರಡನೆಯ ಸ್ಕಂಧ ನಾಲ್ಕು ಬಗೆಯ ಪ್ರಲಯ ಹೇಳುತ್ತದೆ: ನಿತ್ಯ, ನೈಮಿತ್ತಿಕ, ಪ್ರಾಕೃತಿಕ, ಆತ್ಯಂತಿಕ. ನೈಮಿತ್ತಿಕವೆಂದರೆ ಬ್ರಹ್ಮನ ಒಂದು ಹಗಲು, ಅಂದರೆ 432 ಕೋಟಿ ವರ್ಷ, ಮುಗಿದಾಗ ಬರುವ ರಾತ್ರಿ. ಆಗ ಎಲ್ಲವೂ ಅಳಿದು ಇಲ್ಲವಾಗುವುದಿಲ್ಲ. ಮೂರು ಲೋಕ ಲಯವಾಗುತ್ತದೆ, ವಿಷ್ಣು ಶೇಷನ ಮೇಲೆ ಮಲಗುತ್ತಾನೆ. ‘ಶೇಷ’ ಎಂದರೆ ಉಳಿದದ್ದು. ಹಾವಿನ ಹೆಸರಲ್ಲೇ ಕಥೆಯ ತಿರುಳಿದೆ. ಇನ್ನು ಪ್ರಾಣಿಗಳ ಪಾಡು? ಗೀತೆಯ ಎಂಟನೆಯ ಅಧ್ಯಾಯ ಆ ರಾತ್ರಿಯನ್ನು ವರ್ಣಿಸುವಾಗ ಜೀವಸಮೂಹಕ್ಕೆ ಬಳಸುವ ವಿಶೇಷಣ ‘ಅವಶ’. ತಮ್ಮ ವಶದಲ್ಲಿಲ್ಲದೆ ಲಯವಾಗುತ್ತವೆ, ತಮ್ಮ ವಶದಲ್ಲಿಲ್ಲದೆ ಮತ್ತೆ ಹುಟ್ಟುತ್ತವೆ. ಮುನ್ಸೂಚನೆ ಇಲ್ಲ, ಹದಿನೈದು ನಿಮಿಷವಿಲ್ಲ. ಇದು ಕ್ಯಾಸಿಯನ್ನನ ಬಾಗಿಲು ತಟ್ಟುವಿಕೆಗಿಂತ ಕಠಿಣ.

ಭಾಗವತದ ಎಂಟನೆಯ ಸ್ಕಂಧದಲ್ಲಿ ಮಾತ್ರ ಒಂದು ಮುನ್ಸೂಚನೆ ಇದೆ. ಸತ್ಯವ್ರತ ರಾಜನ ಬೊಗಸೆಗೆ ಸಿಕ್ಕಿದ ಮೀನು ಇಂದಿಗೆ ಏಳನೆಯ ದಿನ ನೀರು ಬರುತ್ತದೆ, ಬೀಜಗಳನ್ನೂ ಋಷಿಗಳನ್ನೂ ಕೂಡಿಸಿಕೊಂಡು ದೋಣಿ ಹತ್ತು ಎನ್ನುತ್ತದೆ. ಏಳು ದಿನದ ನೋಟಿಸು, ಆದರೆ ಒಬ್ಬನಿಗೆ. ಅದೇ ಕಥೆಯಲ್ಲಿ ಇನ್ನೊಂದು ಪ್ರಸಂಗವಿದೆ. ನಿದ್ದೆ ಹತ್ತುತ್ತಿದ್ದ ಬ್ರಹ್ಮನ ಬಾಯಿಂದ ವೇದಗಳು ಜಾರಿ ಹೊರಬಿದ್ದವು, ಹತ್ತಿರವಿದ್ದ ಹಯಗ್ರೀವನೆಂಬ ದಾನವ ಎತ್ತಿಕೊಂಡು ಹೋದ. ನಿಲುಗಡೆಯ ರಾತ್ರಿಯೇ ಕಳವಿನ ರಾತ್ರಿಯೂ ಹೌದು ಎಂದು ಪುರಾಣಕಾರನಿಗೆ ತಿಳಿದಿತ್ತು. ಮತ್ಸ್ಯಾವತಾರದ ಕೆಲಸ ಪ್ರಲಯ ದಾಟಿಸುವುದಷ್ಟೇ ಅಲ್ಲ, ಕಳೆದ ವೇದವನ್ನು ತಂದು ಎಚ್ಚರಗೊಂಡ ಬ್ರಹ್ಮನಿಗೆ ಒಪ್ಪಿಸುವುದು.

ಇಲ್ಲಿ ತತ್ತ್ವಜ್ಞಾನಿಗೆ ಗಟ್ಟಿಯಾದ ಒಂದು ಪ್ರಶ್ನೆ. ಎಲ್ಲವೂ ನಿಂತ ಮೇಲೆ ಮತ್ತೆ ಶುರುವಾದದ್ದು ಹಿಂದಿನದರಂತೆಯೇ ಇದೆ ಎಂದು ಹೇಗೆ ಗೊತ್ತು? ಋಗ್ವೇದದ ಹತ್ತನೆಯ ಮಂಡಲದ ಅಘಮರ್ಷಣ ಸೂಕ್ತ ಸೃಷ್ಟಿಕರ್ತನು ಸೂರ್ಯಚಂದ್ರರನ್ನು ‘ಯಥಾಪೂರ್ವ’ ರಚಿಸಿದ ಎನ್ನುತ್ತದೆ. ಬ್ರಹ್ಮಸೂತ್ರದ ಒಂದನೆಯ ಅಧ್ಯಾಯ, ಮೂರನೆಯ ಪಾದದಲ್ಲಿ ಇದರ ವಿಚಾರ ಬಂದಾಗ ಶಂಕರರು ನಿದ್ದೆ ಎಚ್ಚರಗಳ ಹೋಲಿಕೆ ಕೊಡುತ್ತಾರೆ: ಮಲಗಿ ಎದ್ದವನ ವ್ಯವಹಾರ ಹಿಂದಿನ ದಿನದ್ದರಂತೆಯೇ ಮುಂದುವರಿಯುವುದಿಲ್ಲವೇ, ಪ್ರಲಯವೂ ಹಾಗೆ.

ಅವರೇ ಎತ್ತುವ ಪೂರ್ವಪಕ್ಷ ಇನ್ನೂ ಚೂಪಾದದ್ದು. ಹೋಲಿಕೆ ಹೊಂದುವುದಿಲ್ಲ ಸ್ವಾಮಿ, ಒಬ್ಬ ಮಲಗಿದಾಗ ಉಳಿದವರ ವ್ಯವಹಾರ ನಡೆದೇ ಇರುತ್ತದೆ, ಎದ್ದವನು ಅದಕ್ಕೆ ತನ್ನನ್ನು ಜೋಡಿಸಿಕೊಳ್ಳುತ್ತಾನೆ. ಮಹಾಪ್ರಲಯದಲ್ಲಿ ಎಲ್ಲರ ವ್ಯವಹಾರವೂ ಕಡಿದುಹೋಗಿರುವಾಗ ಯಾರು ಯಾವುದಕ್ಕೆ ಜೋಡಿಸಬೇಕು? ಎಎಸ್/400ರ ಆಪರೇಟರಿಗೆ ಈ ವ್ಯತ್ಯಾಸ ಬೆರಳ ತುದಿಯಲ್ಲಿರುತ್ತದೆ. ಒಬ್ಬರ ಸೆಷನ್ ಮುಗಿಸುವುದು ಬೇರೆ, ಇಡೀ ಯಂತ್ರವನ್ನು ರಿಸ್ಟ್ರಿಕ್ಟೆಡ್ ಸ್ಥಿತಿಗೆ ತರುವುದು ಬೇರೆ. ಮೊದಲನೆಯದರಲ್ಲಿ ತಪ್ಪಾದರೆ ಪಕ್ಕದವರನ್ನು ಕೇಳಬಹುದು. ಎರಡನೆಯದರಲ್ಲಿ ಪಕ್ಕದವರೇ ಇಲ್ಲ.

ಶಂಕರರ ಸಮಾಧಾನ ಹೀಗೆ: ಸಾಮಾನ್ಯ ಜೀವಿಗಳಿಗೆ ಹಿಂದಿನ ಕಲ್ಪದ ನೆನಪು ಇರದಿರಬಹುದು, ಆದರೆ ಪರಮೇಶ್ವರನ ಅನುಗ್ರಹದಿಂದ ಹಿರಣ್ಯಗರ್ಭನೇ ಮೊದಲಾದ ಒಡೆಯರು ಅದನ್ನು ನೆನಪಿಗೆ ತಂದುಕೊಳ್ಳಬಲ್ಲರು. ನೆನಪು ಎಲ್ಲರದ್ದಾಗಿ ಉಳಿಯಬೇಕಿಲ್ಲ, ಒಂದು ಎಡೆಯಲ್ಲಿ ಉಳಿದರೆ ಸಾಕು. ಅನುಗ್ರಹವನ್ನು ನಂಬದ ಓದುಗರಿಗೆ ಇದು ಒಪ್ಪಿಗೆಯಾಗದು. ಆದರೂ ವಾದದ ಆಕಾರವನ್ನು ಗಮನಿಸಿ. ಜಗತ್ತು ನಿಲ್ಲಬೇಕಾದರೆ ನಿಲ್ಲದ ಯಾವುದೋ ಒಂದು ಇರಲೇಬೇಕು ಎಂದು ಅದ್ವೈತಿ ಹಟ ಹಿಡಿಯುತ್ತಾನೆ. ಗಾಢನಿದ್ದೆಯ ವಿಷಯದಲ್ಲೂ ಅದೇ ಹಟ. ಎದ್ದವನು ‘ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ’ ಎನ್ನುತ್ತಾನಲ್ಲ, ಆ ತಿಳಿಯದಿರುವಿಕೆಯನ್ನು ಕಂಡ ಸಾಕ್ಷಿ ಇದ್ದದ್ದಕ್ಕೇ ಅದು ನೆನಪಾಗಿ ಬಂತು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಅದು ನೆನಪಲ್ಲ, ಅನುಮಾನ: ಮೈ ಹಗುರವಾಗಿದೆ, ಹೊತ್ತು ಮೀರಿದೆ, ಆದ್ದರಿಂದ ಚೆನ್ನಾಗಿ ಮಲಗಿರಬೇಕು.

ಸೋಮವಾರ ಬೆಳಗ್ಗೆ ಸೈನ್ ಆನ್ ಆದ ಗುಮಾಸ್ತರು ನೈಯಾಯಿಕರು. ಶನಿವಾರ ರಾತ್ರಿ ಏನಾಯಿತೆಂದು ಅವರು ಕಂಡಿಲ್ಲ. ತಮ್ಮ ಅರ್ಧ ಆರ್ಡರ್ ಇಲ್ಲದಿರುವುದರಿಂದ ಊಹಿಸುತ್ತಾರೆ. ಕನ್ಸೋಲಿನ ಮುಂದೆ ಕೂತಿದ್ದ ಆಪರೇಟರ್ ಒಬ್ಬಳೇ ಸಾಕ್ಷಿ. ಹೋಲಿಕೆಯನ್ನು ಇಲ್ಲಿಗೇ ಬಿಡುವುದು ವಾಸಿ. ವೇದಾಂತದ ಸಾಕ್ಷಿಗೆ ಶಿಫ್ಟ್ ಬದಲಾವಣೆಯಿಲ್ಲ, ಕಾಫಿಯ ಚಪಲವಿಲ್ಲ.

ನಿಲ್ಲಿಸದೆಯೇ ಉಳಿಸಿಕೊಳ್ಳಲು ಬಾರದೇ? ಕೆಲವಕ್ಕೆ ಬರುತ್ತದೆ. ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರಿಗೆ ತಮ್ಮೊಂದಿಗೆ ಆಗಮದ ಅರಿವು ಮುಗಿದುಹೋದೀತೆಂಬ ಆತಂಕ ಹುಟ್ಟಿ, ಪುಷ್ಪದಂತ ಭೂತಬಲಿಗಳೆಂಬ ಇಬ್ಬರು ಮುನಿಗಳಿಗೆ ಪಾಠ ಹೇಳಿದರೆಂದೂ, ಅವರಿಂದ ಷಟ್ಖಂಡಾಗಮ ಬರಹಕ್ಕೆ ಇಳಿಯಿತೆಂದೂ ದಿಗಂಬರ ಜೈನ ಪರಂಪರೆ ಹೇಳುತ್ತದೆ. ಅದು ಮುಗಿದ ಜ್ಯೇಷ್ಠ ಶುದ್ಧ ಪಂಚಮಿ ಇವತ್ತಿಗೂ ಶ್ರುತಪಂಚಮಿ ಹಬ್ಬ. ಬ್ಯಾಕಪ್ ಮುಗಿದ ದಿನವನ್ನು ಹಬ್ಬ ಮಾಡಿದ ಧರ್ಮ ಬೇರೆ ಯಾವುದಿದೆಯೋ! ಅದರ ಮೇಲಿನ ವೀರಸೇನರ ಧವಳಾ ಟೀಕೆಯ ಹಳೆಯ ಕನ್ನಡ ಲಿಪಿಯ ತಾಳೆಗರಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಇದ್ದವು. ಯಾತ್ರಿಕರಿಗೆ ಅವುಗಳ ದರ್ಶನ ಸಿಗುತ್ತಿತ್ತು, ಓದು ಸಿಗುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವರ್ಷಗಟ್ಟಲೆ ಕೂತು ನಕಲು ಮಾಡಿದರು. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ.

ನಕಲಿಗೆ ಅಷ್ಟು ವರ್ಷ ಹಿಡಿದರೂ ಯಾರನ್ನೂ ನಿಲ್ಲಿಸಬೇಕಾಗಲಿಲ್ಲ. ಯಾಕೆಂದರೆ ಮೂಲ ಕದಲುತ್ತಿರಲಿಲ್ಲ. ಶಾಸ್ತ್ರಕ್ಕೂ ಅಂಗಡಿಯ ಲೆಕ್ಕಕ್ಕೂ ಇರುವ ಭೇದ ಇದೇ.

ಕದಲುವುದನ್ನು ಕದಲುತ್ತಿರುವಾಗಲೇ ಹಿಡಿಯುವುದು ಹೇಗೆಂದು ಕಂಪ್ಯೂಟರ್ ಶಾಸ್ತ್ರ ತಲೆ ಕೆಡಿಸಿಕೊಂಡಿದೆ. ಕೇರಳ ಮೂಲದ ಮಣಿ ಚಾಂಡಿ ಮತ್ತು ಲೆಸ್ಲಿ ಲ್ಯಾಂಪೋರ್ಟ್ 1985ರ ತಮ್ಮ ಪ್ರಬಂಧದಲ್ಲಿ ಒಂದು ಉಪಮೆ ಕೊಟ್ಟರು. ಆಕಾಶದ ತುಂಬ ವಲಸೆ ಹಕ್ಕಿಗಳು. ಒಂದು ಫೋಟೋದಲ್ಲಿ ಹಿಡಿಸದಷ್ಟು ಹರವು, ಹಾಗಾಗಿ ಹಲವರು ಹಲವು ತುಂಡು ತೆಗೆದು ಜೋಡಿಸಬೇಕು. ಅಷ್ಟೂ ಚಿತ್ರಗಳನ್ನು ಒಂದೇ ಕ್ಷಣದಲ್ಲಿ ತೆಗೆಯಲಾಗದು. ಹಕ್ಕಿಗಳಿಗೆ ನಿಲ್ಲಿ ಎನ್ನುವ ಹಾಗೂ ಇಲ್ಲ. ಆದರೂ ಜೋಡಿಸಿದ ಚಿತ್ರಕ್ಕೆ ಅರ್ಥವಿರಬೇಕು. ‘ಈಗ’ ಎಂಬುದು ಎಲ್ಲೆಡೆ ಒಂದೇ ಸಲ ಇಲ್ಲ ಎಂದು ಒಪ್ಪಿಕೊಂಡ ಮೇಲೆ ಅವರ ಪರಿಹಾರ ಶುರುವಾಗುತ್ತದೆ.

ಎಎಸ್/400ರ ಉತ್ತರದ ಹೆಸರು ‘ಸೇವ್ ವೈಲ್ ಆಕ್ಟಿವ್’. ಒಂದು ಚಿಕ್ಕ ಗಳಿಗೆ ಎಲ್ಲರನ್ನೂ ತಡೆದು ಯಂತ್ರ ಒಂದು ಗೆರೆ ಎಳೆಯುತ್ತದೆ. ಅದಕ್ಕೆ ‘ಚೆಕ್‌ಪಾಯಿಂಟ್’ ಎನ್ನುತ್ತಾರೆ. ಗೆರೆ ಬಿದ್ದಾಯಿತೆಂಬ ಸಂದೇಶ ಬಂದ ಕೂಡಲೇ ಜನ ಕೆಲಸಕ್ಕೆ ಮರಳಬಹುದು. ಟೇಪ್ ಸುತ್ತುತ್ತಲೇ ಇರುತ್ತದೆ. ಈ ನಡುವೆ ಯಾರಾದರೂ ಒಂದು ಪುಟವನ್ನು ತಿದ್ದಲು ಹೊರಟರೆ ಯಂತ್ರ ಹಳೆಯ ಪುಟದ ಪ್ರತಿ ಎತ್ತಿಟ್ಟುಕೊಂಡು ಆಮೇಲೆ ತಿದ್ದಲು ಬಿಡುತ್ತದೆ, ಟೇಪಿಗೆ ಹಳೆಯದನ್ನೇ ಕೊಡುತ್ತದೆ. ಗಂಟೆಗಟ್ಟಲೆಯ ನಿಲುಗಡೆ ನಿಮಿಷಗಳಿಗೆ ಇಳಿಯಿತು. ಕ್ಷಣಕ್ಷಣವೂ ಎಲ್ಲವೂ ಬೇರೆಯೇ ಎನ್ನುವ ಬೌದ್ಧರ ಕ್ಷಣಿಕವಾದಕ್ಕೂ, ಲೆಕ್ಕ ಒಂದೇ ಗಳಿಗೆಯದಾಗಿರಬೇಕೆಂಬ ವ್ಯಾಪಾರಿಯ ಹಟಕ್ಕೂ ಒಟ್ಟಿಗೆ ಗೌರವ ಕೊಟ್ಟ ಉಪಾಯ ಇದು.

ಗೆರೆ ಎಳೆಯುವಾಗಲೂ ಅರ್ಧದಲ್ಲಿರುವವರ ಸಮಸ್ಯೆ ತಪ್ಪಲಿಲ್ಲ. ವ್ಯವಹಾರ ಮುಗಿಯಲೆಂದು ಯಂತ್ರ ಕಾಯುತ್ತದೆ, ರೂಢಿಯಲ್ಲಿ 120 ಸೆಕೆಂಡು. ಅಷ್ಟರಲ್ಲಿ ಮುಗಿಯದಿದ್ದರೂ ಕಾಯದೆ ಉಳಿಸು ಎಂದು ಹೇಳುವ ಅವಕಾಶ ಆಮೇಲಿನ ಆವೃತ್ತಿಗಳಲ್ಲಿ ಬಂತು. ಹಾಗೆ ಅರೆಬರೆಯಾಗಿ ಉಳಿದ ಕಡತವನ್ನು ಟೇಪಿನಿಂದ ಎಬ್ಬಿಸಿದರೆ ಅದು ಕೂಡಲೇ ಬಳಕೆಗೆ ಸಿಗುವುದಿಲ್ಲ. ಜರ್ನಲ್ ಎಂಬ ದಿನಚರಿಯನ್ನು ನೋಡಿ, ಅರ್ಧ ವ್ಯವಹಾರವನ್ನು ಮುಂದಕ್ಕೆ ಪೂರ್ತಿಮಾಡಿ ಅಥವಾ ಹಿಂದಕ್ಕೆ ಅಳಿಸಿದ ಮೇಲೆಯೇ ಅದರ ಬಾಗಿಲು ತೆರೆಯುತ್ತದೆ. ‘ಇದು ಅರ್ಧಸತ್ಯ, ಹೀಗೇ ಬಳಸಬೇಡಿ’ ಎಂಬ ಮುದ್ರೆ ಒತ್ತಿಕೊಂಡಿರುವ ನೆನಪು. ಇಂಥ ಪ್ರಾಮಾಣಿಕತೆ ಮನುಷ್ಯರ ನೆನಪಿಗಾಗಲಿ, ಇತಿಹಾಸ ಗ್ರಂಥಗಳಿಗಾಗಲಿ ಎಷ್ಟು ಸಲ ಒದಗಿದೆ?

ಇಷ್ಟು ಜಾಣ್ಮೆ ಬೇಕಾಗಿ ಬಂದದ್ದು ಯಾಕೆಂದರೆ, ರಾತ್ರಿ ಎಂಬುದು ಇಲ್ಲವಾಯಿತು. 1988ರಲ್ಲಿ ಆ ಹಸಿರು ಪರದೆಗಳು ಬಹುಮಟ್ಟಿಗೆ ಒಂದೇ ಕಟ್ಟಡದಲ್ಲಿ ಕೇಬಲಿನ ತುದಿಯಲ್ಲಿದ್ದವು. ಸಂಜೆ ಆರಕ್ಕೆ ದೀಪ ಆರಿಸಿದರೆ ಎಲ್ಲರೂ ಹೋದರೆಂದೇ ಲೆಕ್ಕ. ಈಗ ಮಿನ್ನೆಸೋಟಾದ ನಡುರಾತ್ರಿ ಪುಣೆಗೆ ಬೆಳಗು, ಲಂಡನ್ನಿಗೆ ನಸುಕು. ಬ್ರಹ್ಮನ ರಾತ್ರಿ ಮೂರು ಲೋಕಕ್ಕೂ ಒಟ್ಟಿಗೆ ಬಂದೀತು. ಆಪರೇಟರಿನ ರಾತ್ರಿ ಯಾವಾಗಲೂ ಇನ್ನೊಬ್ಬರ ಹಗಲಿನಿಂದ ಕಿತ್ತುಕೊಂಡದ್ದೇ.

ನ್ಯೂಯಾರ್ಕಿನ ಬಿ ಅಂಡ್ ಎಚ್ ಎಂಬ ಪ್ರಸಿದ್ಧ ಕ್ಯಾಮೆರಾ ಅಂಗಡಿ ಈ ಮಾತಿಗೆ ಜೀವಂತ ನಿದರ್ಶನ. ಅದನ್ನು ನಡೆಸುವವರು ಆಚಾರವಂತ ಯೆಹೂದಿಗಳು. ಸಬ್ಬತ್ತಿನ ಹೊತ್ತಿನಲ್ಲಿ ಅಂಗಡಿಯಷ್ಟೇ ಅಲ್ಲ, ಇಂಟರ್ನೆಟ್ಟಿನ ಮಾರಾಟವೂ ನಿಲ್ಲುತ್ತದೆ. ಜಗತ್ತಿನ ಯಾವ ಮೂಲೆಯವರಾದರೂ ಸರಿ, ಸಾಮಾನು ನೋಡಬಹುದು, ಬುಟ್ಟಿಗೆ ಹಾಕಬಹುದು, ಹಣ ಕಟ್ಟುವ ಬಾಗಿಲು ಮಾತ್ರ ಮುಚ್ಚಿರುತ್ತದೆ. ಓದಬಹುದು, ಬರೆಯುವಂತಿಲ್ಲ: ಬ್ಯಾಕಪ್ ಕೇಳುವ ಲಾಕ್ ಕೂಡ ಇದೇ. ಬೆಂಗಳೂರಿನ ಗಿರಾಕಿಗೆ ಆಗ ಶನಿವಾರದ ಬೆಳಗು, ಅವರಿಗೆ ಸಬ್ಬತ್ತಿನ ಸಂಬಂಧವಿಲ್ಲ. ಆದರೂ ಕಿರಿಕಿರಿಗಿಂತ ಗೌರವವೇ ಹೆಚ್ಚು ಹುಟ್ಟುತ್ತದೆ. ಯಾಕೆ ಮುಚ್ಚಿದೆ, ಯಾವಾಗ ತೆರೆಯುತ್ತದೆ ಎರಡನ್ನೂ ಅಂಗಡಿ ಮೊದಲೇ ಹೇಳಿರುತ್ತದೆ.

ನಮ್ಮ ದೇವಸ್ಥಾನಗಳಲ್ಲೂ ಮಧ್ಯಾಹ್ನದ ಮಹಾಪೂಜೆ ಮುಗಿಸಿ ಅರ್ಚಕರು ಬಾಗಿಲು ಹಾಕುತ್ತಾರೆ. ದೂರದೂರಿನಿಂದ ಬಸ್ಸಿಳಿದು ಬಂದವರು ನಿರಾಶರಾದರೂ ಜಗಳವಾಡುವುದಿಲ್ಲ. ‘ಸಂಜೆ ಮತ್ತೆ ತೆಗೀತಾರೆ’ ಎಂದು ಜಗಲಿಯಲ್ಲಿ ಬುತ್ತಿ ಬಿಚ್ಚುತ್ತಾರೆ. ವರ್ಷದಲ್ಲಿ ಕೆಲವೇ ದಿನ, ದೀಪಾವಳಿಯ ಆಸುಪಾಸಿನಲ್ಲಿ ಬಾಗಿಲು ತೆರೆಯುವ ಹಾಸನಾಂಬೆಯ ಭಕ್ತರೂ ಮುನಿಸಿಕೊಂಡಿಲ್ಲ. ನಿಲುಗಡೆ ನೋಯಿಸುವುದು ಅದರ ಉದ್ದದಿಂದ ಅಲ್ಲ, ಮೊದಲೇ ತಿಳಿಸದಿರುವುದರಿಂದ.

ಎಎಸ್/400ರ ದೊಡ್ಡ ಲೋಪ ಇರುವುದೂ ಇಲ್ಲೇ. ‘ಬ್ರೇಕ್ ಮೆಸೇಜ್’ ಎಂಬ ಆ ಸಂದೇಶ ತಲುಪುವುದು ವರ್ಕ್‌ಸ್ಟೇಷನ್ ಪರದೆಗಳಿಗೆ ಮಾತ್ರ. ಇವತ್ತು ದೂರದಿಂದ ಬಳಸುವವರಲ್ಲಿ ಬಹಳ ಮಂದಿ ಹಸಿರು ಪರದೆಯನ್ನೇ ಕಂಡವರಲ್ಲ. ಅವರು ಎಕ್ಸೆಲ್ ಹಾಳೆಯಿಂದಲೋ, ಬ್ರೌಸರಿನಿಂದಲೋ, ಗೋದಾಮಿನ ಕೈಯಂತ್ರದಿಂದಲೋ ದತ್ತಾಂಶಕ್ಕೆ ಕೈ ಹಾಕಿದವರು. ಯಂತ್ರದ ಕಣ್ಣಿಗೆ ಅವರೆಲ್ಲ ಒಂದೇ ಥರದ ಹೆಸರಿನ ಸರ್ವರ್ ಕೆಲಸಗಳು. ಅವರಿಗೆ ಯಾವ ಕೊಂಬೂ ಕೇಳಿಸುವುದಿಲ್ಲ. ಕೇಳಿಸುವುದು ಸಂಪರ್ಕ ಕಡಿದ ಮೇಲೆ ಬರುವ ದೋಷದ ಸಂಖ್ಯೆ. ಹತ್ತಿರದವರಿಗೆ ಹದಿನೈದು ನಿಮಿಷ, ದೂರದವರಿಗೆ ಅವಶತೆ. ತಾಲ್ಮುದಿನ ನಿಯಮ ಇಲ್ಲಿ ಪೂರ್ತಿ ತಲೆಕೆಳಗು.

ಒಂದನೆಯ ಶತಮಾನದ ಇತಿಹಾಸಕಾರ ಜೊಸೀಫಸ್ ಜೆರುಸಲೇಮಿನ ದೇಗುಲದ ಬಗ್ಗೆ ಬರೆಯುತ್ತ, ಮೇಲಿನ ಒಂದು ಜಾಗದಲ್ಲಿ ಪುರೋಹಿತನೊಬ್ಬ ನಿಂತು ಕಹಳೆ ಊದುತ್ತಿದ್ದನೆನ್ನುತ್ತಾನೆ. 1968ರಲ್ಲಿ ಬೆಂಜಮಿನ್ ಮಜಾರ್ ನಡೆಸಿದ ಉತ್ಖನನದಲ್ಲಿ ದೇಗುಲದ ಗುಡ್ಡದ ನೈಋತ್ಯ ಮೂಲೆಯ ಕೆಳಗೆ, ‘ಕಹಳೆ ಊದುವ ಜಾಗಕ್ಕೆ’ ಎಂದು ಕೆತ್ತಿದ ಕಲ್ಲೇ ಸಿಕ್ಕಿತು. ಅದರ ಕೊನೆಯ ಪದ ಅರ್ಧಕ್ಕೆ ಮುರಿದಿದೆ. ಜೊಸೀಫಸ್ ಹೇಳುವಂತೆ ಆ ಕಹಳೆ ಎರಡು ಸಲ ಮೊಳಗುತ್ತಿತ್ತು. ಸಬ್ಬತ್ ಹತ್ತಿರ ಬಂದಾಗ ಕೆಲಸ ನಿಲ್ಲಿಸಿ ಎಂದು ಒಮ್ಮೆ, ಮರುದಿನ ಸಂಜೆ ಮತ್ತೆ ಶುರುಮಾಡಿ ಎಂದು ಇನ್ನೊಮ್ಮೆ.

ಕನ್ಸೋಲಿನ ಮುಂದೆ ಕೂತಿರುವ ಗೆಳೆಯ ಗೆಳತಿಯರಲ್ಲಿ ಒಂದು ಬೇಡಿಕೆ. ಈ ಶನಿವಾರ ಸಂದೇಶ ಬರೆಯುವಾಗ ಯಾವಾಗ ನಿಲ್ಲುತ್ತದೆ ಎಂಬುದರ ಜೊತೆಗೆ ಮತ್ತೆ ಯಾವಾಗ ತೆರೆಯುತ್ತದೆ ಎಂದೂ ಬರೆಯಿರಿ. ಹೊತ್ತನ್ನು ಓದುವವರ ಊರಿನ ಗಡಿಯಾರದಲ್ಲಿ ಹೇಳಿ, ನಿಮ್ಮೂರಿನದರಲ್ಲಿ ಬೇಡ. ಹಸಿರು ಪರದೆ ಇಲ್ಲದವರಿಗೆ ಹಿಂದಿನ ದಿನವೇ ಒಂದು ಮೇಲ್ ಹಾಕಿ. ಆಮೇಲೂ ಆ ಒಂದು ಹೆಸರು ಕದಲದಿದ್ದರೆ, 4 ಒತ್ತುವ ಮುಂಚೆ ಒಂದು ಫೋನ್ ಮಾಡಿ ನೋಡಿ.